ಸಾವಕಾಶ ಹೋಗುವ ಬಂಡಿಯ ಹಾಡು

ನನಗೆ ಸಂಗೀತ ತಿಳಿಯುವುದಿಲ್ಲ. ಈ ಮಾತನ್ನು ಮೊದಲಿಗೇ ಹೇಳಿಬಿಡುವುದು ಲೇಸು. ಏಕೆಂದರೆ ಸಂಗೀತದ ಮೇಲೆ ನಾನು ಕೊಟ್ಟಷ್ಟು ಅಭಿಪ್ರಾಯಗಳನ್ನು ಗೋಕಾಕದಲ್ಲಿ ಇನ್ನೊಬ್ಬರು ಕೊಟ್ಟಿರಲಿಕ್ಕಿಲ್ಲ. ತಿಳಿದವರ ಪಾಡು ಕಠಿಣ. ಅವರು ಹಾಡು ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂಡುತ್ತಾರೆ, ಕೆಮ್ಮುತ್ತಾರೆ, ‘ಇನ್ನೊಮ್ಮೆ ಕೇಳಬೇಕು’ ಎನ್ನುತ್ತಾರೆ. ತಿಳಿಯದವನಿಗೆ ಅಂಥ ಅಡಚಣೆಗಳಿಲ್ಲ. ಹಾಡು ಅರ್ಧಕ್ಕೆ ಬಂದಿರುವಾಗಲೇ ಅವನ ತೀರ್ಪು ಸಿದ್ಧವಾಗಿರುತ್ತದೆ. ನಾನು ಮುನಸೀಫ ಕೋರ್ಟಿನಲ್ಲಿ ಕಾರಕೂನ. ವಾರವೆಲ್ಲ ಇನ್ನೊಬ್ಬರ ತೀರ್ಪುಗಳನ್ನು ನಕಲು ಮಾಡಿ ಮಾಡಿ, ರವಿವಾರ ಒಂದು ದಿನವಾದರೂ ಸ್ವಂತದ ತೀರ್ಪು ಕೊಡಬೇಕೆಂಬ ಹಸಿವು ನನ್ನಲ್ಲಿ ಹುಟ್ಟಿದ್ದರೆ ಓದುಗರು ಕ್ಷಮಿಸಬೇಕು. ನನ್ನ ಹೆಂಡತಿ ಕ್ಷಮಿಸಿಲ್ಲ. ‘ಆ ಹಾಡ ಹಾಂಗ ಇರಬೇಕಾಗಿತ್ತು, ಈ ಹಾಡ ಹಿಂಗ ಇರಬೇಕಾಗಿತ್ತು ಅಂತ ಊರಿಗೆಲ್ಲಾ ಹೇಳ್ತೀರಿ. ಅಡಗಿ ಮನಿ ಮಾಳಿಗಿ ಸೋರಾಕತ್ತೈತಿ, ಅದರ ಮ್ಯಾಲ ನಿಮ್ಮ ಅಭಿಪ್ರಾಯ ಏನ್ರಿ?’ ಎಂದು ಆಕೆ ಕೇಳಿದ್ದುಂಟು. ಆ ವಿಷಯವನ್ನು ವಿಚಾರಣೆಗೆ ಇಟ್ಟುಕೊಂಡಿದ್ದೇನೆ ಎಂದೆ. ಆಮೇಲೆ ಮಳೆಗಾಲಗಳು ಬಂದು ಹೋದವು. ವಿಚಾರಣೆ ಇನ್ನೂ ನಡೆದಿದೆ.

ಆದರೆ ನಾನು ಬರೆಯ ಹೊರಟದ್ದು ಮಾಳಿಗೆಯ ಕಥೆಯಲ್ಲ, ನಾನು ಕಳೆದುಕೊಂಡ ಒಂದು ಹಾಡಿನ ಕಥೆ. ಹಾಡು ಕಳೆಯುವುದೆಂದರೇನು, ಅದೇನು ಕೊಡೆಯೇ, ಚಪ್ಪಲಿಯೇ ಎಂದು ಕೇಳುವವರಿದ್ದಾರೆ. ಕೊಡೆ ಕಳೆದರೆ ಯಾರ ಮನೆಯಲ್ಲಿ ಬಿಟ್ಟು ಬಂದೆವೆಂದು ನೆನಪು ಮಾಡಿಕೊಂಡು ಹೋಗಿ ತರಬಹುದು. ಈ ಹಾಡು ಎಲ್ಲಿದೆ ಎಂಬುದು ನನಗೆ ಚೆನ್ನಾಗಿ ಗೊತ್ತಿದೆ. ನನ್ನ ಮನೆಯ ಕಪಾಟಿನಲ್ಲಿಯೇ ಇದೆ. ಆದರೂ ಕಳೆದಿದೆ.

ಚನ್ನಬಸಪ್ಪ ಸಾವಕಾರರದು ಪೇಟೆಯಲ್ಲಿ ಬೆಲ್ಲದ ಅಂಗಡಿ. ತಮ್ಮ ಒಬ್ಬಳೇ ಮಗಳು ನೀಲವ್ವನನ್ನು ಮಸಗುಪ್ಪಿಗೆ ಕೊಟ್ಟು ಮದುವೆ ಮಾಡಿದಾಗ, ಬೀಗರ ಎದುರು ತಲೆ ಎತ್ತಿ ನಿಲ್ಲಬೇಕೆಂದು ಅವರು ಬೆಳಗಾವಿಯಿಂದ ಒಂದು ಫೋನೋ ತರಿಸಿದರು. ಅದರ ಹಿತ್ತಾಳೆಯ ಭೋಂಗಾ ದೊಡ್ಡ ಕುಂಬಳ ಹೂವಿನ ಹಾಗೆ ಬಾಯಿ ತೆರೆದುಕೊಂಡು ಹಂದರದ ಕೆಳಗೆ ಬೀಗರ ಮೇಲೆ ಹಾಡು ಸುರಿಸಿತು. ಮದುವೆ ಮುಗಿಯಿತು. ಮಗಳು ಹೋದಳು, ಫೋನೋ ಉಳಿಯಿತು. ಖರ್ಚು ಮಾಡಿ ತಂದ ಸಾಮಾನು ಸುಮ್ಮನೆ ಕೂಡಬಾರದೆಂದು ಸಾವಕಾರರು ಅದನ್ನು ಅಂಗಡಿಯ ಅಟ್ಟದ ಮೇಲಿಟ್ಟು ರವಿವಾರ ಮಧ್ಯಾಹ್ನ ನಮ್ಮಿಬ್ಬರನ್ನು ಕರೆಯತೊಡಗಿದರು. ಇಬ್ಬರೆಂದರೆ ನಾನು ಮತ್ತು ಸಾಲೆಯ ಗುರುಪಾದಪ್ಪ ಮಾಸ್ತರರು. ಮಾಸ್ತರರು ಮೂಡಲಗಿಯವರು, ಭಜನೆಯಲ್ಲಿ ದನಿ ಪಳಗಿಸಿಕೊಂಡವರು. ಸ್ವರಗಳ ಹೆಸರನ್ನು ಕ್ರಮವಾಗಿ ಹೇಳಬಲ್ಲವರು ನಮ್ಮಲ್ಲಿ ಅವರೊಬ್ಬರೇ ಆದ್ದರಿಂದ ಅವರನ್ನು ಪಂಡಿತರೆಂದು ನಾವು ಒಪ್ಪಿಕೊಂಡಿದ್ದೆವು. ಅವರೂ ಒಪ್ಪಿಕೊಂಡಿದ್ದರು.

ಅಟ್ಟದ ಮೇಲೆ ನೆಟ್ಟಗೆ ನಿಂತರೆ ತಲೆಗೆ ತೊಲೆ ಬಡಿಯುತ್ತಿತ್ತು. ಹೀಗಾಗಿ ಸಂಗೀತಕ್ಕೆ ತಲೆಬಾಗುವುದು ನಮಗೆ ಮೊದಲಿನಿಂದಲೂ ರೂಢಿ. ಕೆಳಗಿನಿಂದ ಬೆಲ್ಲದ ವಾಸನೆ ಬರುತ್ತಿತ್ತು. ಅದರ ಹಿಂದೆಯೇ ನೊಣಗಳು ಬರುತ್ತಿದ್ದವು. ಮುಂದೆ ಮುಂದೆ ಅವುಗಳಲ್ಲಿ ಕೆಲವು ತಿರುಗುವ ಪ್ಲೇಟಿನ ಮೇಲೆ ಕೂತು ಒಂದೆರಡು ಸುತ್ತು ಹಾಕಿ ಇಳಿದು ಹೋಗುತ್ತಿದ್ದವು. ಅವು ಹಾಗೆ ಕೂತಿರಲು ಸಾಧ್ಯವಾದದ್ದು ಏಕೆ ಎಂದು ನಾವು ಆಗಲೇ ಯೋಚಿಸಿದ್ದರೆ ಮುಂದಿನ ಕಥೆ ನಡೆಯುತ್ತಿರಲಿಲ್ಲ.

ಅಷ್ಟರಲ್ಲಿ ಯುದ್ಧ ಬಂದಿತು. ಉಳಿದವರ ಮನೆಗೆ ಅದು ಸೀಮೆಎಣ್ಣೆ, ಸಕ್ಕರೆಗಳ ಕಡೆಯಿಂದ ಬಂದರೆ ನಮ್ಮ ಅಟ್ಟಕ್ಕೆ ಫೋನೋದ ಮುಳ್ಳಿನ ಕಡೆಯಿಂದ ಬಂದಿತು. ಉಕ್ಕಿನ ಮುಳ್ಳು ಪೇಟೆಯಲ್ಲಿ ಹುಡುಕಿದರೂ ಸಿಗದಂತಾಯಿತು. ಮಾಸ್ತರರು ಸಭೆಯನ್ನು ಬರಖಾಸ್ತು ಮಾಡಬೇಕಾದೀತೆಂದು ದುಃಖಪಟ್ಟರು. ಸಾವಕಾರರು ದುಃಖಪಡಲಿಲ್ಲ. ‘ಮುಳ್ಳಂದ್ರ ಮುಳ್ಳರಿ ಮಾಸ್ತರ. ದೇವರ ಮಾಡಿದ್ದು ಗಿಡದಾಗ ಇರಬೇಕಾದ್ರ ವಿಲಾಯತಿದು ಯಾಕ ಬೇಕು?’ ಎಂದು ಹೊಳೆದಂಡೆಯ ಜಾಲಿಯಿಂದ ಒಂದು ಮುಳ್ಳು ಮುರಿದು ತಂದು ಸಿಕ್ಕಿಸಿದರು. ಫೋನೋ ಬೆಕ್ಕಿನಂತೆ ಕಿರುಚಿತು. ಹಸಿ ಮುಳ್ಳಿನ ದೋಷವದು. ಸುದ್ದಿ ಮಸಗುಪ್ಪಿಗೆ ಮುಟ್ಟಿತು. ನೀಲವ್ವ ತನ್ನ ಗಂಡನ ಹೊಲದ ಬೇಲಿಯಿಂದ ಒಣಗಿದ, ನೆಟ್ಟಗಿನ, ಕರೀ ಮುಳ್ಳುಗಳನ್ನು ಆರಿಸಿ, ಬಟ್ಟೆಯಲ್ಲಿ ಕಟ್ಟಿ, ಮೇಲೊಂದು ಬೊಗಸೆ ಶೇಂಗಾ ಹಾಕಿ ಸಂತೆಗೆ ಬರುವವರ ಕೈಯಲ್ಲಿ ಕಳಿಸಿದಳು. ಮಸಗುಪ್ಪಿಯ ಮುಳ್ಳು ಪ್ಲೇಟಿಗೆ ತಾಕಿದ್ದೇ ತಡ, ಮೂವರೂ ಒಮ್ಮೆಲೇ ‘ಹಾಂ’ ಎಂದೆವು. ಅಷ್ಟು ಮೃದು, ಅಷ್ಟು ದೂರದಿಂದ ಬಂದಂಥ ದನಿ. ಅಂದಿನಿಂದ ಬೇರೆ ಊರಿನ ಮುಳ್ಳನ್ನು ನಾವು ಮುಟ್ಟಲಿಲ್ಲ. ಈ ಮುಳ್ಳು ಪಿಟೀಲಿಗೆ ಒಳ್ಳೆಯದು, ಇದು ಸ್ವಲ್ಪ ತಬಲಾದ ಕಡೆ ವಾಲುತ್ತದೆ ಎಂದು ನಾನು ಮುಳ್ಳಿನ ಮೇಲೂ ಅಭಿಪ್ರಾಯ ಕೊಡತೊಡಗಿದೆ.

ಆದರೆ ಜಾಲಿಯ ಮುಳ್ಳು ಬಹಳ ಬೇಗ ಮೊಂಡಾಗುತ್ತದೆ. ಮಗಳು ಬೇಲಿಯಲ್ಲಿ ಕೈ ಚುಚ್ಚಿಕೊಂಡು ಆರಿಸಿದ್ದನ್ನು ಸಾವಕಾರರು ಹಾಳುಮಾಡುವವರಲ್ಲ. ಫೋನೋದ ಬಾಜೂದಲ್ಲಿ ಒಂದು ಸಣ್ಣ ತಿರುಪು ಇತ್ತು. ಅದನ್ನು ಅವರು ಕೊನೆಯವರೆಗೆ ತಿರುಗಿಸಿ, ‘ತಾಟ ಸಾವಕಾಶ ತಿರುಗಿದ್ರ ಮುಳ್ಳ ಸವಿಯೂದಿಲ್ಲ, ಪ್ಲೇಟೂ ಸವಿಯೂದಿಲ್ಲ’ ಎಂದರು. ಮಾಸ್ತರರು ಟ್ರೇನಿಂಗ್ ಕಾಲೇಜು ಕಂಡವರು, ನಾನು ಇಂಗ್ಲೀಷು ಬಲ್ಲವನು. ಇಬ್ಬರೂ ಈ ಜಾಣತನಕ್ಕೆ ತಲೆದೂಗಿದೆವು. ತಾಟು ಸಾವಕಾಶ ತಿರುಗಿದರೆ ಅದರ ಮೇಲೆ ಕೂತ ಹಾಡುಗಾರ್ತಿಯೂ ಸಾವಕಾಶ ಹಾಡಬೇಕಾಗುತ್ತದೆ ಎಂಬುದು ನಮ್ಮ ವಿದ್ಯೆಗೆ ಹೊಳೆಯಲಿಲ್ಲ.

ಅಂದಿನಿಂದ ಸಿನೆಮಾ ಸಂಗೀತದಲ್ಲಿ ಗಾಂಭೀರ್ಯದ ಯುಗ ಆರಂಭವಾಯಿತು. ಹಾಗೆಂದು ನಾವು ನಿರ್ಣಯಿಸಿದೆವು. ಹೊಸ ಪ್ಲೇಟು ಯಾವುದು ಬಂದರೂ ಅದರಲ್ಲಿ ಒಂದು ಆಳವಾದ ವಿಷಾದವಿರುತ್ತಿತ್ತು. ನಾಯಕಿಯರಿಗೆಲ್ಲ ಗರಡಿ ಮನೆಯ ಪೈಲವಾನರ ದನಿ. ಮಾಸ್ತರರು ಕಣ್ಣು ಮುಚ್ಚಿ, ‘ಖರ್ಜದಾಗ ಹ್ಯಾಂಗ ಇಳದಾಳ ನೋಡ್ರಿ. ಇಷ್ಟ ತಳಕ್ಕ ಹೋಗೂ ಹೆಣಮಗಳ ದನಿ ಹಿಂದ ಇರಲಿಲ್ಲ, ಮುಂದ ಬರೂದಿಲ್ಲ’ ಎನ್ನುತ್ತಿದ್ದರು. ಕ್ಲಾರಿನೆಟ್ಟು ನಿಟ್ಟುಸಿರು ಬಿಡುತ್ತಿದೆ ಎಂದು ನಾನು ಹೇಳುತ್ತಿದ್ದೆ. ಸಾವಕಾರರ ವಿಮರ್ಶೆ ಮಾತ್ರ ಅವರ ವ್ಯಾಪಾರದ್ದು: ‘ಇದಕ್ಕ ಪಾಕ ಬಂದಿಲ್ರಿ’ ಎಂದರೆ ಆ ಹಾಡು ಬಿದ್ದಿತು, ‘ಮೊದಲನೇ ನಂಬರ ಬೆಲ್ಲ’ ಎಂದರೆ ಗೆದ್ದಿತು. ಈಗ ನೆನೆದರೆ ಮೂವರಲ್ಲಿ ಅರ್ಥವಿದ್ದ ಮಾತು ಅದೊಂದೇ ಎನಿಸುತ್ತದೆ.

ಆ ಕಾಲದಲ್ಲಿ ಪ್ಲೇಟು ಮೊದಲು ಬರುತ್ತಿತ್ತು, ಪಿಕ್ಚರು ಆಮೇಲೆ ಯಾವಾಗಲೋ ಬರುತ್ತಿತ್ತು, ಬಹಳ ಸಲ ಬರುತ್ತಲೇ ಇರಲಿಲ್ಲ. ಹೊಳೆಯ ಮರಳಿನಲ್ಲಿ ತಂಬು ಹೊಡೆಯುವ ಟಾಕೀಜಿನವರು ದೇವಾದಿಗಳ ಹಳೆಯ ರೀಲುಗಳನ್ನು ತಿರುಗಿಸಿ ಹೊರಟುಹೋಗುವರು. ಆದ್ದರಿಂದ ಹಾಡುಗಳನ್ನು ಕೇಳಿ ಕಥೆಯನ್ನು ನಾವೇ ಕಟ್ಟಿಕೊಳ್ಳಬೇಕಾಗಿತ್ತು. ಒಂದು ಪಿಕ್ಚರಿನ ಹಾಡುಗಳು ನಮ್ಮನ್ನು ವಿಶೇಷವಾಗಿ ಹಿಡಿದವು. ಅದರಲ್ಲೊಂದು ಬಂಡಿಯ ಹಾಡು. ಹಿಂದೂಸ್ತಾನಿ ಮಾತು; ನಮಗೆ ತಿಳಿದಷ್ಟು ಇಷ್ಟೇ: ಒಬ್ಬ ಹುಡುಗಿ ಬಂಡಿ ಹೊಡೆಯುವವನಿಗೆ, ಅಷ್ಟು ಜೋರಾಗಿ ಹೊಡೆಯಬೇಡಪ್ಪಾ, ನನ್ನ ಊರು ಹಿಂದೆ ಉಳಿಯಿತು ಎನ್ನುತ್ತಾಳೆ. ನಮ್ಮ ಅಟ್ಟದ ಮೇಲೆ ಆ ಬಂಡಿ ಹೊರಟಿತೆಂದರೆ ಎತ್ತಿನ ಒಂದೊಂದು ಹೆಜ್ಜೆ ಎದೆಯ ಮೇಲೆ ಬೀಳುತ್ತಿತ್ತು. ಕೊರಳ ಗಂಟೆ ಒಮ್ಮೆ ಡಣ್ ಎಂದು ಬಹಳ ಹೊತ್ತು ಸುಮ್ಮನಾಗಿ ಮತ್ತೆ ಡಣ್ ಎನ್ನುತ್ತಿತ್ತು. ಹುಡುಗಿಯನ್ನು ಮನಸ್ಸಿಲ್ಲದ ಮದುವೆ ಮಾಡಿ ದೂರದ ಊರಿಗೆ ಕಳಿಸುತ್ತಿದ್ದಾರೆಂದು ನಾನು ತೀರ್ಮಾನಿಸಿದೆ. ಮುಂದಿನ ಪ್ಲೇಟಿನಲ್ಲಿ ಸಾಯುತ್ತಾಳೆಂದು ಮಾಸ್ತರರು ಕೂಡಿಸಿದರು. ಆ ಪ್ಲೇಟು ತೊಟ್ಟಿಲ ಹಾಡೆಂದು ಆಮೇಲೆ ತಿಳಿಯಿತು.

ಬಂಡಿಯ ಹಾಡಿಗೆ ಮಾತ್ರ ಸಾವಕಾರರು ಬೆಲ್ಲದ ನಂಬರು ಕೊಡಲಿಲ್ಲ. ಅದು ಮುಗಿಯುವ ಹೊತ್ತಿಗೆ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡು, ನೊಣಗಳನ್ನು ಬಯ್ಯುತ್ತಿದ್ದರು. ಮಸಗುಪ್ಪಿ ಏನು ಲಂಡನ್ನಿನಲ್ಲಿದೆಯೇ? ಬೆಳಿಗ್ಗೆ ರೊಟ್ಟಿ ತಿಂದು ಬಂಡಿ ಹೂಡಿದರೆ ಊಟದ ಹೊತ್ತಿಗೆ ಮುಟ್ಟಬಹುದು. ನೀಲವ್ವ ಹಬ್ಬಕ್ಕೊಮ್ಮೆ ಬರುತ್ತಾಳೆ, ಹಬ್ಬವಿಲ್ಲದಾಗಲೂ ಬರುತ್ತಾಳೆ. ಈ ಮಾತನ್ನು ನಾನು ಒಮ್ಮೆ ಹಾಸ್ಯಕ್ಕೆ ಅಂದೆ. ಮಾಸ್ತರರು ಅಂದು ಬಂದಿರಲಿಲ್ಲ. ಸಾವಕಾರರು ಫೋನೋಕ್ಕೆ ಚಾವಿ ಕೊಡುವುದನ್ನು ನಿಲ್ಲಿಸಿದರು.

‘ಹಂಗಲ್ರಿ ಕಾರಕೂನ್ರ. ಆಕಿ ಹೋಗೂ ದಿನ ನಾ ಒಳಗ ಅಡಗಿಯಂವನ ಕೂಡ ಜಗಳಾಡ್ಕೋತ ನಿಂತಿದ್ದೆ. ಬೆಲ್ಲದ ಪೆಂಟಿ ಕಡಿಮಿ ಬಂದಿತ್ತು. ಹೊರಗ ಯಾರೋ ಕರದ್ರು, ಬಂದೆ ತಡೀ ಅಂದೆ. ಬರೂದ್ರಾಗ ಬಂಡಿ ಮೂಲಿ ತಿರಗಿ ಹೋಗಿತ್ರಿ. ಧೂಳ ಅಷ್ಟ ಇತ್ತು.’ ಅವರು ಪ್ಲೇಟಿನ ಕಡೆ ಕೈ ತೋರಿಸಿದರು. ‘ಈ ಹಾಡಿನ್ಯಾಗಿನ ಬಂಡಿ ನೋಡ್ರಿ, ಎಷ್ಟ ಸಾವಕಾಶ ಹೋಗತೈತಿ. ನಾ ಜಗಳಾ ಮುಗಿಸಿ ಎದ್ದ ಬರೂತನಾ ಬಾಗಲದಾಗ ಇರತೈತಿ.’

ನಾನು ಆ ದಿನ ಅಭಿಪ್ರಾಯ ಕೊಡಲಿಲ್ಲ.

ಇದಾದ ಕೆಲವು ದಿನಗಳಿಗೆ ಹುಕ್ಕೇರಿಯಿಂದ ನನ್ನ ಹೆಂಡತಿಯ ತಮ್ಮ ಶಿವಪ್ಪ ಬಂದ. ಅವನಿಗೆ ಕೊಲ್ಹಾಪುರದಲ್ಲಿ ಯಾವುದೋ ಕೆಲಸವಿರುತ್ತದೆ. ಆ ಕೆಲಸ ಸಿನೆಮಾ ಥಿಯೇಟರಿನ ಸುತ್ತಮುತ್ತಲೇ ಇರುತ್ತದೆ. ಊಟಕ್ಕೆ ಕೂತಾಗ ನಾನು ನಮ್ಮ ಬಂಡಿಯ ಹಾಡಿನ ಮಾತು ತೆಗೆದು, ಅದರ ಕರುಣರಸದ ಮೇಲೆ ಒಂದು ಸಣ್ಣ ಉಪನ್ಯಾಸ ಮಾಡಿದೆ. ಶಿವಪ್ಪನ ತುತ್ತು ಬಾಯಲ್ಲಿಯೇ ನಿಂತಿತು.

‘ಯಾವದ ಮಾಮಾ, ಆ ಗಾಡಿ ಹಾಡಾ? ಯಪ್ಪಾ! ನಕ್ಕ ನಕ್ಕ ಹೊಟ್ಟಿ ಹುಣ್ಣಾತು. ಎತ್ತ ಬೆದರಿ ಓಡತಾವ, ಆಕಿ ಸಾವಕಾಶ ಸಾವಕಾಶ ಅಂತ ಒದರ್ತಾಳ, ಹಿಂದ ಒಬ್ಬ ಡುಮ್ಮ ಕುಂತಿರತಾನ, ಅವನ ಪಟಗಾ ಬಿಚ್ಚಿ ಗಾಲ್ಯಾಗ ಸಿಗತೈತಿ, ಅಂವ ಕೊನಿಗೆ ಸಗಣಿ ತಿಪ್ಪ್ಯಾಗ ಬೀಳ್ತಾನ!’

‘ನೀ ನೋಡಿದ್ದು ಬ್ಯಾರೆ ಇರಬೇಕು’ ಎಂದೆ.

‘ಬ್ಯಾರೆ ಹ್ಯಾಂಗ ಆಗತೈತಿ? ಕೇಳ್ರಿ’ ಎಂದು ಅವನು ಎಡಗೈಯಿಂದ ತಂಬಿಗೆ ಬಡಿಯುತ್ತ ಹಾಡತೊಡಗಿದ. ಅದೇ ಮಾತು, ಅದೇ ಮಟ್ಟು. ಆದರೆ ಬೆನ್ನಿಗೆ ಯಾರೋ ಬಾರುಕೋಲಿನಿಂದ ಹೊಡೆದಂತೆ ಓಡುತ್ತಿತ್ತು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿಯ ಕೈ ತನಗರಿಯದೆ ಅದೇ ತಾಳಕ್ಕೆ ಬಿದ್ದಿತು. ರೊಟ್ಟಿ ತಟಪಟ ಎಂದಿತು. ಆಕೆ ನಕ್ಕಳು. ‘ಇದರಾಗ ಅಳೂದೇನ ಐತ್ರಿ?’ ಎಂದಳು. ನನ್ನ ಕಣ್ಣ ಮುಂದೆ ಆ ಸಣ್ಣ ತಿರುಪು ಕಾಣಿಸಿತು.

ಮರುದಿನ ಮಾಸ್ತರರಿಗೆ ಎಲ್ಲವನ್ನೂ ಹೇಳಿದೆ. ಅವರು ಗೋಡೆಗೆ ಆತುಕೊಂಡು, ತುಟಿಯೊಳಗೇ ಆ ಹಾಡನ್ನು ಜೋರಿನ ಚಾಲಿನಲ್ಲಿ ಗುಣುಗುಣಿಸಿ ನೋಡಿ, ಗಕ್ಕನೆ ಬಾಯಿಗೆ ಕೈ ಅಡ್ಡ ಇಟ್ಟರು. ‘ಹಂಗಾದ್ರ ಆಕಿ ಖರ್ಜ ಎಲ್ಲಾ...’

‘ತಿರುಪಿಂದರಿ.’

‘ಆಕಿ ಖರ್ಜದ ಮ್ಯಾಲ ನಾ ಸಾಲ್ಯಾಗ ಪಾಠಾ ಮಾಡೇನ್ರಿ ಕಾರಕೂನ್ರ! ಇನಸ್ಪೆಕ್ಟರ ಸಾಹೇಬ್ರ ಮುಂದ ಮಾಡೇನಿ!’

ಅವರ ದುಃಖ ಆರಿದ ಮೇಲೆ ಇಬ್ಬರೂ ಒಂದು ಠರಾವು ಪಾಸು ಮಾಡಿದೆವು: ಈ ಸಂಗತಿ ಸಾವಕಾರರ ಕಿವಿಗೆ ಬೀಳಕೂಡದು. ನಮ್ಮ ಪಾಂಡಿತ್ಯ ಹೋದರೆ ಹೋಗಲಿ, ಅದು ಇದ್ದದ್ದೇ ಅಷ್ಟು. ಆ ಮನುಷ್ಯನ ಬಾಗಿಲಿಗೆ ವಾರಕ್ಕೊಮ್ಮೆ ಒಂದು ಬಂಡಿ ಬರುತ್ತದೆ, ಅದನ್ನು ನಾವು ತಿಪ್ಪೆಗೆ ಕೆಡವಬಾರದು.

ಆದರೆ ಠರಾವಿನ ಮಸಿ ಆರುವ ಮೊದಲೇ ಹೊಳೆಯ ಮರಳಿನಲ್ಲಿ ತಂಬು ಎದ್ದಿತು, ಹಲಗೆ ಬಡಿಯುತ್ತ ನೋಟೀಸಿನ ಗಾಡಿ ಪೇಟೆಯಲ್ಲಿ ಹಾಯಿತು. ಅದೇ ಪಿಕ್ಚರು. ಸಾವಕಾರರು ಅಂಗಡಿಯ ಗಲ್ಲೆಯಿಂದ ಎದ್ದು ಬಂದು ಸ್ವತಃ ನೋಟೀಸು ಇಸಿದುಕೊಂಡರು. ಇಷ್ಟು ವರ್ಷಗಳಲ್ಲಿ ಅವರು ಕೈ ಚಾಚಿ ಇಸಿದುಕೊಂಡ ಕಾಗದಗಳಲ್ಲಿ ಲಾಭವಿಲ್ಲದ್ದು ಇದೊಂದೇ ಇರಬೇಕು.

ಆ ಸಂಜೆ ನಾವಿಬ್ಬರೂ ಅವರ ಅಂಗಡಿಗೆ ಹೋದೆವು. ‘ತಂಬಿನ್ಯಾಗ ತಿಗಣಿ ಭಾಳ ಅದಾವಂತರಿ ಸಾವಕಾರ್ರ’ ಎಂದು ಮಾಸ್ತರರು ಆರಂಭಿಸಿದರು. ‘ನಮ್ಮ ಮನಿ ಮಣಿ ಒಯ್ಯೂನು’ ಎಂದರು ಸಾವಕಾರರು. ಪಿಕ್ಚರು ನೋಡಿದರೆ ಕಣ್ಣು ಹೋಗುತ್ತವೆ ಎಂದು ಯಾರೋ ಡಾಕ್ಟರರು ಅಂದದ್ದನ್ನು ನಾನು ನೆನಪಿಸಿದೆ. ‘ಅದಕ್ಕ ಒಂದ ಸಲ ನೋಡಾಕತ್ತೇನ್ರಿ’ ಎಂದರು. ಕೊನೆಯ ಅಸ್ತ್ರವಾಗಿ, ಅದೇ ದಿನ ನಿಡಸೋಸಿ ಮಠಕ್ಕೆ ಹೋಗಿ ಬರೋಣವೆಂದೆವು. ಸಾವಕಾರರು ನಮ್ಮಿಬ್ಬರನ್ನೂ ಬಹಳ ಹೊತ್ತು ನೋಡಿದರು. ‘ನೀವು ಯಾವಾಗಿಂದ ಇಷ್ಟ ಭಕ್ತರಾದ್ರಿ? ಮಠ ಎಲ್ಲಿ ಹೋಗತೈತಿ? ನೀಲವ್ವಗ ಹೇಳಿ ಕಳಿಸೇನಿ, ಆಕಿನೂ ಬರಾಕತ್ತಾಳ. ಆಕಿ ಮುಳ್ಳಿನ್ಯಾಗ ಕೇಳಿದ ಹಾಡ ಆಕಿಗೆ ತೋರಿಸ್ಬೇಕಲಾ?’ ನಾವು ಒಂದೊಂದು ಬೆಲ್ಲದ ತುಂಡು ಬಾಯಲ್ಲಿ ಹಾಕಿಕೊಂಡು ಹೊರಬಿದ್ದೆವು. ಸೋತವರ ಬಾಯಿಗೂ ಬೆಲ್ಲ ಸಿಹಿಯಾಗಿಯೇ ಇತ್ತು.

ದೀಪ ಹಚ್ಚುವ ಹೊತ್ತಿಗೆ ತಂಬು ತುಂಬಿತು. ಹೆಂಗಸರ ಕಡೆ, ಪರದೆಯ ಆಚೆ, ನನ್ನ ಹೆಂಡತಿಯ ಬಾಜೂದಲ್ಲಿ ನೀಲವ್ವ. ಈಚೆ ಸಾವಕಾರರು ರೇಶಿಮೆ ರುಮಾಲು ಸುತ್ತಿಕೊಂಡು, ಮದುವೆಗೆ ಬಂದಂತೆ ತಾವೇ ತಂದ ಮಣೆಯ ಮೇಲೆ ಕೂತಿದ್ದರು; ಅವರ ಎರಡೂ ಬದಿಗೆ ನಾವು, ಆರೋಪಿಯ ಜಾಮೀನುದಾರರಂತೆ. ಹೊರಗೆ ಎಣ್ಣೆಯ ಇಂಜಿನು ಢಬಢಬ ಎನ್ನುತ್ತಿತ್ತು. ಮೊದಲಿನ ಹಾಡುಗಳು ಬಂದಾಗಲೇ ಸಾವಕಾರರು ಸ್ವಲ್ಪ ಮುಖ ಗಂಟಿಕ್ಕಿದರು. ‘ಹುಡುಗಿ ದನಿ ಯಾಕ ಹಿಂಗ ಕೀರಲ ಆಗೈತ್ರಿ? ಜಡ್ಡ ಬಿದ್ದಾಳೇನು?’ ಎಂದು ಕೇಳಿದರು. ‘ಇರಬೇಕರಿ’ ಎಂದರು ಮಾಸ್ತರರು.

ಆಮೇಲೆ ಬಂಡಿ ಬಂದಿತು. ಶಿವಪ್ಪ ಒಂದು ಅಕ್ಷರವನ್ನೂ ಸುಳ್ಳು ಹೇಳಿರಲಿಲ್ಲ. ಎತ್ತುಗಳು ಓಡಿದವು, ಗಂಟೆ ಗಿಲಿಗಿಲಿ ಎಂದಿತು, ನಿಟ್ಟುಸಿರು ಬಿಡುತ್ತಿದ್ದ ನನ್ನ ಕ್ಲಾರಿನೆಟ್ಟು ಕಾಲು ತುಳಿಸಿಕೊಂಡ ನಾಯಿಯಂತೆ ಕೂಗಿತು. ಡುಮ್ಮನ ಪಟಗಾ ಬಿಚ್ಚಿತು. ಇಡೀ ತಂಬು ನಕ್ಕಿತು. ನಾನು ಪಿಕ್ಚರು ನೋಡದೆ ಸಾವಕಾರರ ಮುಖವನ್ನೇ ನೋಡಬೇಕೆಂದು ಕೂತವನು. ಆದರೆ ಮನುಷ್ಯನ ಕಣ್ಣು, ಒಂದು ಕ್ಷಣ ಆ ಕಡೆ ಹೋಯಿತು. ಸರಿಯಾಗಿ ಆ ಕ್ಷಣದಲ್ಲಿಯೇ ಡುಮ್ಮ ತಿಪ್ಪೆಗೆ ಬಿದ್ದ. ನನಗೂ ನಗೆ ಬಂದುಬಿಟ್ಟಿತು. ಪರದೆಯ ಆಚೆಯಿಂದ ಎಲ್ಲರ ನಗೆಯ ಮೇಲೆ ಒಂದು ನಗೆ ಏರಿ ಬರುತ್ತಿತ್ತು. ಸಾವಕಾರರು ಪಿಕ್ಚರು ಬಿಟ್ಟು ಆ ಕಡೆ ತಿರುಗಿದರು. ಅದು ನೀಲವ್ವನ ನಗೆ.

ಮರಳು ದಾಟಿ ದಾರಿಗೆ ಬಂದೆವು. ಮಣೆಯನ್ನು ಮಾಸ್ತರರು ಹೊತ್ತಿದ್ದರು. ನೀಲವ್ವನೇ ಮಾತು ತೆಗೆದಳು. ‘ಅಪ್ಪಾ, ನಿನ್ನ ಪ್ಲೇಟಿನ್ಯಾಗ ಇದು ಅಳೂ ಹಾಡ ಆಗಿತ್ತಲ್ಲಾ?’

ಇಗೋ ಬಂದಿತು ಎಂದು ನಾನು ಮಾಸ್ತರರ ತೋಳು ಹಿಡಿದೆ. ಸಾವಕಾರರು ನಡೆಯುತ್ತಲೇ ಹೇಳಿದರು: ‘ಭಾಳ ಜೋರ ಹೊಡದ್ರವಾ ಬಂಡಿ. ತಂಬಿನವರ ಆಟ ಅದು. ಇಂಜಿನ್ ಜೋರ ಓಡ್ಸಿ ಲಗೂನ ಮುಗಿಸಿದ್ರ ಎಣ್ಣಿ ಉಳಿತೈತಿ. ನಾ ಮುಳ್ಳ ಉಳಸಾಕ ಸಾವಕಾಶ ಬಿಡ್ತೇನಿ, ಅವರು ಎಣ್ಣಿ ಉಳಸಾಕ ಜೋರ ಬಿಡ್ತಾರ. ಅವರದೂ ಬ್ಯಾಪಾರನ.’

ಯಾವ ಕೋರ್ಟಿನಲ್ಲಿಯೂ ನಾನು ಇಷ್ಟು ಚೊಕ್ಕಟವಾದ ಜವಾಬು ಕೇಳಿಲ್ಲ. ‘ಹೌದ್ರಿ, ಖರೆ ಐತಿ’ ಎಂದು ಇಬ್ಬರೂ ಒಂದೇ ದನಿಯಲ್ಲಿ ಸಾಕ್ಷಿ ನುಡಿದೆವು. ಪ್ರಕರಣ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ನೀಲವ್ವ ಇನ್ನೂ ನಗುತ್ತಿದ್ದಳು.

‘ಜೋರ ಹೊಡದ್ರೂ ಖರೆನ ಹೊಡದಾರ ಬಿಡು ಅಪ್ಪಾ. ಮದಿವಿ ದಿನ ನಮ್ಮ ಬಂಡಿ ಹಿಂಗ ಓಡಿತ್ತು. ಮೂಲಿ ತಿರಗೂದ್ರಾಗ ಬಾಜಾದ ಸಪ್ಪಳಕ್ಕ ಎತ್ತ ಬೆದರಿದ್ವು. ನಿನ್ನ ಅಳಿಯನ ಪಟಗಾನೂ ಬಿತ್ತು. ನಾ ಅಳಬೇಕಂತ ಸೆರಗ ಬಾಯಾಗ ಇಟ್ಕೊಂಡಾಕಿ, ಮಸಗುಪ್ಪಿ ಮುಟ್ಟೂತನಾ ನಕ್ಕೋತನ ಹೋದೆ.’

ಸಾವಕಾರರು ನಿಂತರು. ‘ನಕ್ಕೋತ ಹೋದಿ?’ ಎಂದರು.

‘ನಿನಗ ಗೊತ್ತಿಲ್ಲೇನು? ಎಲ್ಲಾರೂ ನೋಡಿದ್ರಲ್ಲಾ?’

‘ನಾ ಒಳಗಿದ್ದೆ’ ಎಂದರು ಸಾವಕಾರರು. ಮಾಸ್ತರರು ಮಣೆಯನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿದರು.

ಮುಂದಿನ ರವಿವಾರ ಇಬ್ಬರೂ ಅಳುಕುತ್ತಲೇ ಅಟ್ಟ ಹತ್ತಿದೆವು. ಸಾವಕಾರರು ಫೋನೋ ಮಾರಿರಬಹುದು, ತಿರುಪನ್ನು ಬದಲಿಸಿರಬಹುದು, ಅಥವಾ ಆ ಪ್ಲೇಟನ್ನೇ ಬೆಲ್ಲದ ಕೊಡಕ್ಕೆ ಮುಚ್ಚಳ ಮಾಡಿರಬಹುದು ಎಂದೆಲ್ಲ ಯೋಚಿಸಿದ್ದೆವು. ಅವರು ಎಂದಿನಂತೆ ಚಾವಿ ಕೊಟ್ಟು, ಬಟ್ಟೆಯ ಗಂಟಿನಿಂದ ಹೊಸದೊಂದು ಮುಳ್ಳು ಆರಿಸಿ, ಬಂಡಿಯ ಹಾಡನ್ನೇ ಹಚ್ಚಿದರು. ತಿರುಪು ಇದ್ದಲ್ಲಿಯೇ ಇತ್ತು. ಗಂಟೆ ಡಣ್ ಎಂದಿತು.

‘ಸಾವಕಾರ್ರ, ಖರೆ ಚಾಲಿ ಅದ ಅಲ್ಲಂತ ಮೊನ್ನಿ...’ ಎಂದು ಮಾಸ್ತರರು ತಡವರಿಸಿದರು.

‘ಗೊತ್ತೈತ್ರಿ ಮಾಸ್ತರ’ ಎಂದರು ಸಾವಕಾರರು. ‘ಆಕಿ ನಕ್ಕೋತ ಹೋದ್ಲು, ಭಾಳ ಛಲೋ ಆತು. ಅದು ಆಕಿ ಪಾಲು. ಅಳೂ ಪಾಲು ನಂದು ಉಳದಿತ್ತಲ್ಲಾ, ಅದನ್ಯಾಕ ಬಿಡ್ಲಿ?’ ಇಷ್ಟು ಹೇಳಿ ಧೋತರದ ಚುಂಗು ಕೈಗೆ ತೆಗೆದುಕೊಂಡು ಕಣ್ಣು ಮುಚ್ಚಿ ಕೂತರು. ಅವರ ಬಂಡಿ ಬಂದಿತು. ಹಿಂದಿನಷ್ಟೇ ಸಾವಕಾಶವಾಗಿ ಬಂದು, ಅವರು ಏಳುವವರೆಗೆ ಬಾಗಿಲಲ್ಲಿ ನಿಂತಿತೆಂದು ಅವರ ಮುಖ ಹೇಳುತ್ತಿತ್ತು.

ನಾನೂ ಕಣ್ಣು ಮುಚ್ಚಿದೆ. ನನ್ನ ಬಂಡಿಯೂ ಬಂದಿತು. ಅದರ ಹಿಂದೆ ಡುಮ್ಮ ಕೂತಿದ್ದ. ಎತ್ತಿನ ಒಂದೊಂದು ಹೆಜ್ಜೆಗೆ ಅವನ ಪಟಗಾ ಒಂದೊಂದು ಸುತ್ತು ಬಿಚ್ಚುತ್ತಿತ್ತು. ನಾನು ಕಣ್ಣು ತೆರೆದು ಮಾಸ್ತರರನ್ನು ನೋಡಬಾರದಿತ್ತು; ನೋಡಿದೆ. ಅವರು ಎರಡೂ ಕೆನ್ನೆ ಉಬ್ಬಿಸಿಕೊಂಡು, ತೊಲೆಯನ್ನು ದಿಟ್ಟಿಸುತ್ತ, ಮೂಗಿನಿಂದ ವಿಚಿತ್ರ ಸಪ್ಪಳ ಮಾಡುತ್ತಿದ್ದರು. ಕೆಮ್ಮಿನ ನೆವ ಮಾಡಿಕೊಂಡು ಇಬ್ಬರೂ ಏಣಿ ಇಳಿದುಬಂದೆವು. ಕೆಳಗೆ ಬೆಲ್ಲದ ಪೆಂಟೆಗಳ ನಡುವೆ ನಿಂತು ಮನಸಾರೆ ನಗಬೇಕೆಂದರೆ ನಗೆ ಬರಲಿಲ್ಲ. ಮೇಲಿನಿಂದ ಹಾಡು ಇಳಿದು ಬರುತ್ತಿತ್ತು. ಯಾವ ಮನುಷ್ಯನನ್ನು ಕಾಪಾಡಲಿಕ್ಕೆಂದು ನಾವು ಮಠ, ತಿಗಣೆ, ಡಾಕ್ಟರು ಎಲ್ಲವನ್ನೂ ಉಪಯೋಗಿಸಿದೆವೋ ಅವನ ಗಂಟು ಅವನ ಹತ್ತಿರ ಭದ್ರವಾಗಿತ್ತು. ಕಳೆದುಕೊಂಡವರು ಕಾವಲುಗಾರರು.

ಆಮೇಲೆ ಸಭೆ ಮೊದಲಿನಂತೆ ಸೇರಲಿಲ್ಲ. ಮಾಸ್ತರರಿಗೆ ಮೂಡಲಗಿಗೆ ವರ್ಗವಾಯಿತು. ಅಲ್ಲಿ ಅವರು ಖರ್ಜದ ಮಾತು ತೆಗೆಯುವುದಿಲ್ಲವಂತೆ. ನಾನು ಒಬ್ಬನೇ ಒಂದೆರಡು ಸಲ ಅಟ್ಟ ಹತ್ತಿದೆ. ಆದರೆ ಇನ್ನೊಬ್ಬ ಅಳುವ ಜಾಗದಲ್ಲಿ ನನ್ನ ಮುಖ ಯಾವಾಗ ಏನು ಮಾಡೀತೆಂಬ ಭರವಸೆ ನನಗಿರಲಿಲ್ಲ. ಕೋರ್ಟಿನ ಕೆಲಸ ಹೆಚ್ಚಾಗಿದೆ ಎಂದು ಹೇಳಿ ಬಿಟ್ಟುಬಿಟ್ಟೆ. ಯುದ್ಧ ಮುಗಿದು ಪೇಟೆಗೆ ಉಕ್ಕಿನ ಮುಳ್ಳು ಬಂದರೂ ಸಾವಕಾರರು ಮಸಗುಪ್ಪಿಯ ಮುಳ್ಳನ್ನು ಬಿಟ್ಟಿಲ್ಲ. ರವಿವಾರ ಮಧ್ಯಾಹ್ನ ಆ ಓಣಿಯಲ್ಲಿ ಹಾಯ್ದರೆ ಈಗಲೂ ಡಣ್ ಎಂಬ ಗಂಟೆ ಕೇಳಿಸುತ್ತದೆ. ನಾನು ಬೇರೆ ಓಣಿಯಿಂದ ಹೋಗುತ್ತೇನೆ.

ನಾನೂ ಒಂದು ಪೆಟ್ಟಿಗೆಯ ಫೋನೋ ಕೊಂಡೆ. ಮೊದಲು ತಂದ ಪ್ಲೇಟು ಅದೇ. ನನ್ನ ಹೆಂಡತಿಗೆ ಅದು ಬಹಳ ಸೇರಿದೆ. ರೊಟ್ಟಿ ಬಡಿಯುವಾಗ ಹಚ್ಚಲು ಹೇಳುತ್ತಾಳೆ, ಕೆಲಸ ಬೇಗ ಆಗುತ್ತದಂತೆ. ಮೊನ್ನೆ ಒಂದು ರವಿವಾರ ಮಳೆ ಹಿಡಿದುಕೊಂಡಿತ್ತು. ಆಕೆ ಅಡಿಗೆ ಮನೆಯಲ್ಲಿದ್ದಳು. ನಾನು ಪಡಸಾಲೆಯಲ್ಲಿ ಆ ಪ್ಲೇಟು ಹಚ್ಚಿ, ತಿರುಪನ್ನು ಕೊನೆಯವರೆಗೆ ತಿರುಗಿಸಿ, ಕಣ್ಣು ಮುಚ್ಚಿ ಕೂತೆ. ದನಿ ಇಳಿಯಿತು, ಗಂಡಾಯಿತು. ಕ್ಲಾರಿನೆಟ್ಟು ನಿಟ್ಟುಸಿರು ಬಿಟ್ಟಿತು. ಗಂಟೆ ಒಮ್ಮೆ ಡಣ್ ಎಂದು ಬಹಳ ಹೊತ್ತು ಸುಮ್ಮನಾಯಿತು. ಎಲ್ಲವೂ ಅಟ್ಟದ ಮೇಲಿನಂತೆಯೇ. ಬಂಡಿ ಬಂದಿತು, ಡುಮ್ಮನೂ ಬಂದ. ಅವನು ಕೂಡ ಸಾವಕಾಶವಾಗಿಯೇ, ಬಹಳ ಗಾಂಭೀರ್ಯದಿಂದ, ತಿಪ್ಪೆಗೆ ಬಿದ್ದ.

‘ಏನ್ರಿ, ಫೋನೋಕ್ಕ ಏನಾತು? ಚಾವಿ ಮುಗೀತೇನು?’ ಎಂದು ಒಳಗಿನಿಂದ ಹೆಂಡತಿ ಕೇಳಿದಳು.

‘ಮುಳ್ಳ ಉಳಸಾಕತ್ತೇನಿ’ ಎಂದೆ.

‘ಮುಳ್ಳಿಗೇನ ಬರಗಾಲ ಬಿದ್ದೈತಿ ಈಗ? ಪೇಟ್ಯಾಗ ಡಬ್ಬಿಗಟ್ಟಲೆ ಸಿಗತಾವ. ಎದ್ದ ಬರ್ರಿ, ಇಲ್ಲೆ ಬೋಗಾಣಿ ತುಂಬಾಕತ್ತೈತಿ.’

ಎದ್ದು ಹೋದೆ. ಮಾಳಿಗೆಯಿಂದ ಹನಿ ಬೀಳುತ್ತಿತ್ತು. ಒಂದು ಹನಿ ಬೋಗಾಣಿಯಲ್ಲಿ ಡಣ್ ಎಂದು, ಬಹಳ ಹೊತ್ತು ಸುಮ್ಮನಾಗಿ, ಮತ್ತೆ ಡಣ್ ಎನ್ನುತ್ತಿತ್ತು. ಆ ಚಾಲಿನಲ್ಲಿ ಯಾವ ಡುಮ್ಮನೂ ಇರಲಿಲ್ಲ. ಬಹಳ ದಿನಗಳ ಮೇಲೆ ನಾನೂ ಧೋತರದ ಚುಂಗು ಕೈಗೆ ತೆಗೆದುಕೊಂಡೆ. ಅಡಿಗೆ ಮನೆಯ ಮಾಳಿಗೆಯ ಮೇಲೆ ಹೆಂಡತಿ ಕೇಳಿದ್ದ ಅಭಿಪ್ರಾಯ ಕೊನೆಗೂ ಸಿದ್ಧವಾಗಿತ್ತು: ಅದು ಸೋರುತ್ತಲೇ ಇರಲಿ. ಅದನ್ನು ಆಕೆಯ ಮುಂದೆ ಹೇಳುವ ಧೈರ್ಯವಾಗದೆ ಬೋಗಾಣಿಯನ್ನು ಎತ್ತಿಕೊಂಡು ಹೋಗಿ ಹಿತ್ತಲಿಗೆ ಚೆಲ್ಲಿ ಬಂದೆ.